ಎಲ್ಲಿಗೆ ಹಾಕೋಣ ಸಾರ್ ಈ ಸಾಫ್ಟ್‌ವೇರ್?

ಮನೆಗೆ ಒಂದು ಹೊಸ ಮಿಕ್ಸಿ ಬಂದರೂ ಅದನ್ನು ಎಲ್ಲಿಡಬೇಕು ಅಂತ ನಮ್ಮ ಕಡೆ ಅರ್ಧ ದಿನ ಮಾತಾಗುತ್ತದೆ. ಅಂಥ ಜನ ಕಂಪ್ಯೂಟರಿನೊಳಗೆ ಸಾಫ್ಟ್‌ವೇರ್ ಎಲ್ಲಿ ಕೂರಬೇಕು ಅನ್ನೋ ಪ್ರಶ್ನೆ ಬಂದರೆ ಬಿಡುತ್ತಾರೆಯೇ? ಅರಸೀಕೆರೆಯಲ್ಲಿ ನಾನು ಕಂಪ್ಯೂಟರ್ ಮೇಡಂ ಆಗಿದ್ದಷ್ಟು ಕಾಲವೂ ಈ ಒಂದೇ ಪ್ರಶ್ನೆಯ ಮೇಲೆ ಏನಾದರೊಂದು ನಡೆಯುತ್ತಲೇ ಇತ್ತು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷ ಆಗಿತ್ತು. ನಾನು ಬೇಲೂರಿನವಳು, ಅಪ್ಪ ದೇವಸ್ಥಾನದಲ್ಲಿ ಪರಿಚಾರಕರು. ಡಿಪ್ಲೊಮಾ ಮುಗಿಸಿ ಅರಸೀಕೆರೆಯ ಒಂದು ಖಾಸಗಿ ವಿದ್ಯಾಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದ್ದೆ. ಮೊದಲನೇ ಕೆಲಸ! ಬೆಳಿಗ್ಗೆ ಬಸ್ಸಿನಲ್ಲಿ ಕೂತರೆ ಅರಸೀಕೆರೆ ಬರುವವರೆಗೆ ಯಾವ ಕಮಾಂಡ್ ಕೊಡಬೇಕು ಅಂತಲೇ ಯೋಚನೆ. ಹಳೇಬೀಡಿನಲ್ಲಿ ನನ್ನ ಸಹೋದ್ಯೋಗಿ ಹತ್ತುತ್ತಿದ್ದರು. ಅವರದು ಪಕ್ಕದ ಬಸ್ತಿಹಳ್ಳಿ, ರೈತರ ಮನೆ. ಎಲ್ಲರೂ ಅವರನ್ನು ಬಸ್ತಿಹಳ್ಳಿ ಮೇಷ್ಟ್ರು ಅಂತಲೇ ಕರೆಯುತ್ತಿದ್ದರು.

ನಮ್ಮ ಲ್ಯಾಬು ಮೊದಲು ಕೊಬ್ಬರಿ ಗೋದಾಮಾಗಿತ್ತು. ಸಂಸ್ಥೆಯ ಸೆಕ್ರೆಟರಿ ಕೊಬ್ಬರಿ ಮಂಡಿ ಯಜಮಾನರು. ತಮ್ಮ ಗೋದಾಮನ್ನೇ ಬಿಟ್ಟುಕೊಟ್ಟು, ಕಂಪ್ಯೂಟರುಗಳನ್ನೂ ತಾವೇ ಕೊಡಿಸಿದ್ದರು. ಆದರೆ ಕೊಬ್ಬರಿ ಸೀಸನ್ ಬಂದಾಗಲೆಲ್ಲ ಆ ರೂಮಿನ ಕಡೆ ಆಸೆಗಣ್ಣಿನಿಂದ ನೋಡುತ್ತಿದ್ದರು. ಒಂದು ದಿನ ನಮ್ಮಿಬ್ಬರನ್ನೂ ಕರೆದು ಕಡ್ಡಿ ಮುರಿದ ಹಾಗೆ ಹೇಳಿದರು:

"ವಾರ್ಷಿಕೋತ್ಸವದ ದಿನ ಅತಿಥಿಗಳ ಎದುರಿಗೆ ಈ ಕಂಪ್ಯೂಟರ್‌ನಾಗೆ ಕನ್ನಡದಾಗೆ ಟೈಪ್ ಮಾಡಿ ಪ್ರಿಂಟ್ ತೆಗೆದು ತೋರಿಸ್ಬೇಕು. ಆಗ್ಲಿಲ್ಲ ಅಂದ್ರೆ ರೂಮು ಕೊಬ್ಬರಿಗೆ, ಕಂಪ್ಯೂಟರು ಬೇರೆ ಸ್ಕೂಲಿಗೆ. ನೀವಿಬ್ರೂ..."

ಮುಂದಿನದನ್ನು ಹೇಳಲಿಲ್ಲ. ಬೇಕಾಗಿಯೂ ಇರಲಿಲ್ಲ.

ಹೆಣ್ಣು ನೋಡುವ ಶಾಸ್ತ್ರ

ದುಡ್ಡು ಕೊಟ್ಟು ಸಾಫ್ಟ್‌ವೇರ್ ತರುವ ಮಾತೇ ಇರಲಿಲ್ಲ. ಯಾವುದೋ ಕಂಪ್ಯೂಟರ್ ಪತ್ರಿಕೆಯ ಜೊತೆ ಬಂದ ಸೀಡಿಯಲ್ಲಿ ಕನ್ನಡ ಟೈಪ್ ಮಾಡುವ ಒಂದು ಮುಕ್ತ ತಂತ್ರಾಂಶ ಸಿಕ್ಕಿತು. ಸಿಕ್ಕಿದ ದಿನ ನಾನು ಲ್ಯಾಬಿನಲ್ಲಿ ಕುಣಿದಾಡಿಬಿಟ್ಟೆ! ಆದರೆ ಅದು ತಯಾರಾದ ಸಾಫ್ಟ್‌ವೇರ್ ಅಲ್ಲ, ಬರೀ ಸೋರ್ಸ್ ಕೋಡ್. ರಾಗಿಹಿಟ್ಟು ಕೊಟ್ಟಿದ್ದೇವೆ, ಮುದ್ದೆ ನೀವೇ ಕಟ್ಟಿಕೊಳ್ಳಿ ಅನ್ನುವ ಲೆಕ್ಕ.

ಕಟ್ಟುವ ಮೊದಲು 'ಕಾನ್ಫಿಗರ್' ಅಂತ ಒಂದು ಕಮಾಂಡ್ ಕೊಡಬೇಕು. ಆಗ ಅದು ಕಂಪ್ಯೂಟರನ್ನು ಇಡೀ ಜಾಲಾಡುತ್ತದೆ. ಅದು ಇದೆಯಾ? ಎಸ್. ಇದು ಇದೆಯಾ? ಎಸ್. ಪರದೆಯ ಮೇಲೆ ಸಾಲು ಸಾಲಾಗಿ ಓಡುತ್ತಿತ್ತು. ಸೆಕ್ರೆಟರಿ ಅಷ್ಟರಲ್ಲಿ ಬಂದು ನನ್ನ ಹಿಂದೆ ನಿಂತರು.

"ಏನ್ ಮೇಡಂ, ಏನೋ ಕೇಳ್ತಾನೇ ಐತೆ?"

"ಒಳಗೆ ಬರೋದಕ್ಕೆ ಮುಂಚೆ ಇಲ್ಲಿ ಏನೇನಿದೆ ಅಂತ ನೋಡ್ಕೊಳ್ತಿದೆ ಸಾರ್. ನೋಡಿ, ಎಲ್ಲಾದಕ್ಕೂ ಎಸ್ ಬರ್ತಿದೆ!"

ಅವರೂ ಕುರ್ಚಿ ಎಳೆದುಕೊಂಡು ಕೂತರು. ಒಂದೊಂದು ಎಸ್ ಬಂದಾಗಲೂ "ಭೇಷ್" ಅಂದರು. ನನಗೂ ಉತ್ಸಾಹ ತಡೆಯಲಾಗದೆ ಜೊತೆಗೆ ಚಪ್ಪಾಳೆ ತಟ್ಟಿದೆ. ಬಹಳ ಹೊತ್ತು ಹೀಗೆ ಎಲ್ಲವನ್ನೂ ಒಪ್ಪಿಕೊಂಡು ಬಂದು, ಕಟ್ಟಕಡೆಗೆ ತನಗೆ ಆಸರೆಯಾಗಬೇಕಾದ 'ಲೈಬ್ರರಿ' ಅನ್ನೋ ಇನ್ನೊಂದು ಪುಟ್ಟ ತಂತ್ರಾಂಶ ಇಲ್ಲ, ಆಗುವುದಿಲ್ಲ ಅಂತ ಹೇಳಿ ನಿಂತುಬಿಟ್ಟಿತು. ನನ್ನ ಮುಖ ಹುಳ್ಳಗಾಯಿತು. ಸೆಕ್ರೆಟರಿ ಮಾತ್ರ ಕೋಪ ಮಾಡಿಕೊಳ್ಳಲಿಲ್ಲ. ನಿಟ್ಟುಸಿರು ಬಿಟ್ಟು ಎದ್ದರು.

"ಬೇಜಾರ್ ಮಾಡ್ಕಬೇಡಿ ಮೇಡಂ. ನನ್ ಮಗಳನ್ನ ನೋಡಾಕೆ ಬಂದೋರೂ ಹಿಂಗೇ. ಹಾಡು ಬತ್ತದಾ ಅಂದ್ರು, ಹೂಂ. ಅಡಿಗೆ ಬತ್ತದಾ ಅಂದ್ರು, ಹೂಂ. ಉಪ್ಪಿಟ್ಟು ಕೇಸರಿಬಾತು ಎಲ್ಲಾ ಎರಡೆರಡು ಸಲ ಹಾಕಿಸ್ಕಂಡು ತಿಂದು, ಚಪ್ಪಲಿ ಮೆಟ್ಕಳೋವಾಗ ಜಾತಕ ಕೂಡ್ಲಿಲ್ಲ ಅಂದ್ರು. ಇದಕ್ಕೆ ಉಪ್ಪಿಟ್ಟಾದ್ರೂ ಖರ್ಚಾಗ್ಲಿಲ್ವಲ್ಲ!"

ಬಸ್ತಿಹಳ್ಳಿ ಸ್ಟಾಪು

ಆ ಲೈಬ್ರರಿಯೂ ಅದೇ ಸೀಡಿಯ ಮೂಲೆಯಲ್ಲಿ ಸಿಕ್ಕಿತು. ಅದು ಸಿಕ್ಕಿದ ದಿನ ನಾನು ರಜೆಯಲ್ಲಿದ್ದೆ. ಬಸ್ತಿಹಳ್ಳಿ ಮೇಷ್ಟ್ರು ಒಬ್ಬರೇ ಕೂತು ಸಾಫ್ಟ್‌ವೇರನ್ನು ಕಟ್ಟಿ ಹಾಕಿಬಿಟ್ಟಿದ್ದರು. ಮಾರನೇ ದಿನ ಬಸ್ಸು ಹತ್ತಿದವರೇ ಬಾಗಿಲಿಂದಲೇ ಕೂಗಿದರು, "ಆಯ್ತು ಮೇಡಂ! ಕನ್ನಡ ಬಂತು!" ನಾನು ಖುಷಿಯಲ್ಲಿ ಕಂಡಕ್ಟರ್ ಹತ್ತಿರ ಇನ್ನೊಂದು ಸಲ ಟಿಕೆಟ್ ಕೇಳಿದೆ.

ಲ್ಯಾಬಿಗೆ ಹೋಗಿ ನನ್ನ ಲಾಗಿನ್‌ನಲ್ಲಿ ನೋಡಿದರೆ ಏನೂ ಇಲ್ಲ. ಹುಡುಗರ ಲಾಗಿನ್‌ನಲ್ಲೂ ಇಲ್ಲ. ಎಲ್ಲಿ ಹಾಕಿದ್ದೀರಿ ಅಂತ ಕೇಳಿದೆ.

"ನಮ್ ಮನೆಗೆ," ಅಂದರು. ಅಂದರೆ ಕಂಪ್ಯೂಟರಿನಲ್ಲಿ ಅವರ ಸ್ವಂತದ ಹೋಮ್ ಫೋಲ್ಡರಿಗೆ. "ಹೊಸದು ಏನೇ ತಂದ್ರೂ ಮೊದ್ಲು ಮನೆಗೆ ತಗಂಡೋಗ್ಬೇಕು ಕಣ್ರೀ. ಎಮ್ಮೆ ತಂದ್ರೂ ಅಷ್ಟೇ, ಟಿಲ್ಲರ್ ತಂದ್ರೂ ಅಷ್ಟೇ. ಬೀದಿನಾಗೆ ಯಾರಾದ್ರೂ ಇಳಿಸ್ತಾರಾ?"

ನಾನು ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸಿದೆ. ಹೀಗೆ ನಾವೇ ಕಟ್ಟಿದ ಸಾಫ್ಟ್‌ವೇರಿಗೆ ಅಂತಲೇ /usr/local ಅನ್ನೋ ಒಂದು ಜಾಗ ಇದೆ. ಬೇರೆ ಕಡೆ ಹಾಕು ಅಂತ ಯಾರೂ ಹೇಳದಿದ್ದರೆ ಅದು ತಾನಾಗಿಯೇ ಹೋಗಿ ಅಲ್ಲಿ ಕೂರುತ್ತದೆ. ಯಾರೇ ಸಾಫ್ಟ್‌ವೇರ್ ಹೆಸರು ಟೈಪ್ ಮಾಡಿದರೂ ಕಂಪ್ಯೂಟರು ಗೊತ್ತಿರುವ ನಾಲ್ಕಾರು ಜಾಗಗಳಲ್ಲಿ ಮಾತ್ರ ಹುಡುಕುತ್ತದೆ, ಅದರಲ್ಲಿ ಇದೂ ಒಂದು. ಬೇಲೂರು-ಅರಸೀಕೆರೆ ಬಸ್ಸು ಹಳೇಬೀಡಿನಲ್ಲಿ ನಿಲ್ಲುತ್ತೆ, ಬಸ್ತಿಹಳ್ಳಿ ಒಳಕ್ಕೆ ಬರಲ್ಲ, ಹಾಗೆ. ನೀವು ಸಾಫ್ಟ್‌ವೇರನ್ನ ಬಸ್ತಿಹಳ್ಳಿಯಲ್ಲಿ ಇಳಿಸಿದ್ದೀರಿ, ಕಂಪ್ಯೂಟರಿಗೆ ಹೇಗೆ ಗೊತ್ತಾಗಬೇಕು?

ಇದು ನಾನು ಕೊಟ್ಟ ಅತ್ಯುತ್ತಮ ಪಾಠ ಅಂತ ನನಗೇ ಹೆಮ್ಮೆ ಆಯಿತು. ಮೇಷ್ಟ್ರ ಮುಖ ಮಾತ್ರ ಕೆಂಪಾಯಿತು.

"ಮೇಡಂ, ನಮ್ಮೂರ ಬಸದಿ ನೋಡಾಕೆ ಫಾರಿನ್ನೋರು ಹಳೇಬೀಡಿಂದ ಬಿಸ್ಲಾಗೆ ನಡ್ಕಂಡು ಬತ್ತಾರೆ. ಫ್ಯಾನ್ ಕೆಳಗೆ ಕೂತಿರೋ ನಿಮ್ ಕಂಪ್ಯೂಟರ್‌ಗೆ ನಾಕ್ ಹೆಜ್ಜೆ ಒಳಕ್ ಬಂದು ನೋಡಾಕೆ ಏನ್ ರೋಗ?"

ಅಗ್ನಿಮೂಲೆ

ಇಷ್ಟು ಸಲ ಕೆಟ್ಟಿದ್ದು ನೋಡಿ ಸೆಕ್ರೆಟರಿಗೆ ಅನುಮಾನ ಬಂತು. ಮಂಡಿಯ ಗೇಟು ಯಾವ ದಿಕ್ಕಿಗಿರಬೇಕು ಅಂತ ಹೇಳಿದ್ದ ವಾಸ್ತು ಪಂಡಿತರನ್ನು ಲ್ಯಾಬಿಗೆ ಕರೆತಂದರು. ಪಂಡಿತರು ರೂಮು ನೋಡಿದರು, ಮೇಜು ನೋಡಿದರು, ಪರವಾಗಿಲ್ಲ ಅಂದರು. ಆಮೇಲೆ ಕಂಪ್ಯೂಟರಿನ ಕಡೆ ಬೆರಳು ತೋರಿಸಿದರು.

"ಒಳಗಡೆ ಹೇಗಿದೆ?"

ನಾನು ಫೋಲ್ಡರುಗಳನ್ನೆಲ್ಲ ತೆರೆದು ತೋರಿಸಿದೆ. ಸಾಫ್ಟ್‌ವೇರ್ ಹೋಗಬೇಕಾದ usr ಫೋಲ್ಡರು ಅಕ್ಷರದ ಕ್ರಮದಲ್ಲಿ ಕೆಳಗಿನ ಸಾಲಿನ ಬಲಗಡೆ ಇತ್ತು. ಪಂಡಿತರು ಹಿಂದಕ್ಕೆ ಸರಿದರು.

"ಆಗ್ನೇಯ! ಅಗ್ನಿಮೂಲೆಯಲ್ಲಿ ಇಟ್ಟರೆ ಬೇಯುತ್ತೆ ಅಷ್ಟೇ, ನಿಲ್ಲಲ್ಲ. ಈಶಾನ್ಯಕ್ಕೆ ತನ್ನಿ."

"ಸಾರ್, ಅದನ್ನ ಆ ಕಡೆ ಈ ಕಡೆ ಎತ್ತಿಡೋಕೆ ಬರಲ್ಲ, ಇಡೀ ಕಂಪ್ಯೂಟರ್ ನಿಂತುಹೋಗುತ್ತೆ," ಅಂತ ನಾನು ಗೋಗರೆದೆ. ಸೆಕ್ರೆಟರಿ ನನ್ನನ್ನು ನೋಡಿದ ರೀತಿ ನೋಡಿದರೆ ಕೊಬ್ಬರಿ ಮೂಟೆ ಆಗಲೇ ಬಾಗಿಲಿಗೆ ಬಂದಿರಬೇಕು ಅನ್ನಿಸಿತು.

ಬಸ್ತಿಹಳ್ಳಿ ಮೇಷ್ಟ್ರು ತಣ್ಣಗೆ ಬಂದು ಮೌಸ್ ಹಿಡಿದರು. ಹೆಸರುಗಳನ್ನು ಕೊನೆಯಿಂದ ಮೊದಲಿಗೆ ಬರುವ ಹಾಗೆ ತಿರುಗಿಸಿ ಜೋಡಿಸಿದರು. ಆಮೇಲೆ ಫೋಲ್ಡರುಗಳಿದ್ದ ಚೌಕದ ಅಂಚು ಹಿಡಿದು ಕಿರಿದು ಮಾಡುತ್ತಾ ಬಂದರು. ಫೋಲ್ಡರುಗಳು ಪಟಪಟನೆ ಜಾಗ ಬದಲಾಯಿಸಿ, ನೋಡನೋಡುತ್ತಿದ್ದ ಹಾಗೆ usr ಮೇಲಿನ ಸಾಲಿನ ಬಲತುದಿಗೆ, ಅಪ್ಪಟ ಈಶಾನ್ಯಕ್ಕೆ ಬಂದು ಕೂತಿತು. ನಾನು ಜೋರಾಗಿ "ಅಯ್ಯೋ ಮೇಷ್ಟ್ರೇ!" ಅಂದುಬಿಟ್ಟೆ. ಸೆಕ್ರೆಟರಿ ಕೈ ಮುಗಿದರು.

ಪಂಡಿತರು ಮಾತ್ರ ಬಹಳ ಹೊತ್ತು ಆ ಪರದೆಯನ್ನೇ ನೋಡುತ್ತಾ ನಿಂತಿದ್ದು, ಹೊರಡುವಾಗ ನನ್ನ ಕಿವಿಯ ಹತ್ತಿರ ಬಂದು ಕೇಳಿದರು:

"ಈ ಸೌಕರ್ಯ ಮನೆಗಳಿಗೂ ಬರುತ್ತಾ ತಾಯಿ? ನನಗಿನ್ನೂ ಮಕ್ಕಳ ಓದು ಮುಗಿದಿಲ್ಲ."

ದಾನಿಗಳ ಹೆಸರು

ಅವತ್ತೇ ಸಾಫ್ಟ್‌ವೇರ್ /usr/local ಒಳಗೆ ಹೋಗಿ ಕೂತಿತು, ಎಲ್ಲರ ಲಾಗಿನ್‌ನಲ್ಲೂ ಓಡಿತು. ಪರದೆಯ ಮೇಲೆ ಕನ್ನಡ ಬಂತು! ಪ್ರಿಂಟರಿನಿಂದ ಮೊದಲ ಹಾಳೆ ಬಿಸಿಬಿಸಿಯಾಗಿ ಹೊರಗೆ ಬಂದಾಗ ನನಗೆ ಕಣ್ಣಲ್ಲಿ ನೀರು ತುಂಬಿತು. ಇಲ್ಲಿಗೆ ನಿಲ್ಲಿಸಿದ್ದರೆ ನಮ್ಮ ಕಷ್ಟ ಮುಗಿಯುತ್ತಿತ್ತು.

"ಈಗ ಇದು ಒಳಗೆ ಯಾವ ಹೆಸರಿನ ಜಾಗದಾಗೆ ಐತೆ?" ಅಂತ ಸೆಕ್ರೆಟರಿ ಕೇಳಿದರು. ನಾನು ಬಾಯಿ ಮುಚ್ಚಿಕೊಂಡಿರದೆ ಹೇಳಿದೆ: ಯಾರೂ ಏನೂ ಹೇಳದಿದ್ದರೆ ಅದು ಹೋಗಿ ಕೂರುವ ಜಾಗ ಇದು, ಬೇಕಾದರೆ ಬೇರೆ ಹೆಸರೂ ಕೊಡಬಹುದು.

"ಯಾರೂ ಹೇಳ್ದಿದ್ರೆ ತಾನೇ? ಹೇಳಾಕೆ ನಾನಿಲ್ವಾ?"

ಇಲ್ಲಿ ಸೆಕ್ರೆಟರಿಯವರ ಅಪ್ಪಾಜಿಯ ವಿಷಯ ಹೇಳಬೇಕು. ಅವರು ತೀರಿಹೋಗಿ ವರ್ಷಗಳಾಗಿದ್ದವು. ಸಂಸ್ಥೆಗೆ ಮಗ ಏನು ಕೊಡಿಸಿದರೂ ಅದರ ಮೇಲೆ ಅಪ್ಪಾಜಿಯ ಹೆಸರು ಬರೆಸುತ್ತಿದ್ದರು. ಬೆಂಚಿನ ಮೇಲೆ, ನೀರಿನ ಟ್ಯಾಂಕಿನ ಮೇಲೆ, ಟ್ಯೂಬ್‌ಲೈಟಿನ ಪಟ್ಟಿಯ ಮೇಲೆ. ಲ್ಯಾಬಿನ ಫ್ಯಾನಿನ ರೆಕ್ಕೆಗಳ ಮೇಲೂ ಇತ್ತು. ತಿರುಗಿದರೆ ಹೆಸರು ಕಾಣುವುದಿಲ್ಲವಲ್ಲ, ಅದಕ್ಕೆ ದೊಡ್ಡವರು ಯಾರಾದರೂ ಬಂದರೆ ಅವರು ಓದಿ ಮುಗಿಸುವವರೆಗೆ ಎಂಥಾ ಸೆಕೆಯಲ್ಲೂ ಫ್ಯಾನ್ ಆಫ್.

ಹಾಗಾಗಿ ಸಾಫ್ಟ್‌ವೇರೂ ಅಪ್ಪಾಜಿಯ ಹೆಸರಿನ ಫೋಲ್ಡರಿನಲ್ಲೇ ಇರಬೇಕು ಅಂತ ಆಜ್ಞೆಯಾಯಿತು. ಬರೀ ಹೆಸರಲ್ಲ. ಮುಂದೆ 'ದಿವಂಗತ', ಆಮೇಲೆ 'ಶ್ರೀ', ಊರು, ಹೆಸರು, ಹಿಂದೆ 'ಕೊಬ್ಬರಿ ವರ್ತಕರ ಸ್ಮರಣಾರ್ಥ'. ಎಲ್ಲ ಇಂಗ್ಲಿಷ್ ಅಕ್ಷರದಲ್ಲಿ, ಕಲ್ಲಿನ ಮೇಲೆ ಕೆತ್ತಿಸುವ ಹಾಗೆ ಬಿಡಿಬಿಡಿಯಾಗಿ. ಮೇಷ್ಟ್ರು ಭಕ್ತಿಯಿಂದ ಹಾಗೇ ಟೈಪ್ ಮಾಡಿ ಎಂಟರ್ ಒತ್ತಿದರು.

ಹೆಸರಿನ ಮಧ್ಯೆ ಜಾಗ ಬಿಟ್ಟರೆ ಆ ಹಳೇ ಕಾಲದ ಕಮಾಂಡುಗಳಿಗೆ ಅದು ಒಂದೇ ಹೆಸರು ಅಂತ ತಿಳಿಯುವುದಿಲ್ಲ. ಕಂಪ್ಯೂಟರು ಒಂದೊಂದು ಪದಕ್ಕೂ ಒಂದೊಂದು ಫೋಲ್ಡರ್ ಮಾಡಿಬಿಟ್ಟಿತು. 'ದಿವಂಗತ' ಒಂದು ಕಡೆ, 'ಶ್ರೀ' ಇನ್ನೊಂದು ಕಡೆ, 'ಕೊಬ್ಬರಿ' ಬೇರೆ, 'ವರ್ತಕರ' ಬೇರೆ. ಸೆಕ್ರೆಟರಿ ಕನ್ನಡಕ ಏರಿಸಿಕೊಂಡು ನೋಡಿ ಹೌಹಾರಿದರು.

"ಏನ್ರೀ ಇದು! ನಮ್ಮಪ್ಪಾಜಿ ಬದುಕಿರೋವಾಗ ನಾವು ಅಣ್ತಮ್ಮಂದ್ರು ಮನೆ ಪಾಲು ಕೇಳಿದ್ದಕ್ಕೇ ಕೋಲ್ ತಗಂಡಿದ್ರು. ನೀವು ಅವರನ್ನೇ ಪಾಲು ಮಾಡಿದ್ರಲ್ರೀ!"

ಉಂಡ ಎಲೆ

ಕೊನೆಗೆ ಮಧ್ಯೆ ಎಲ್ಲೂ ಜಾಗ ಬಿಡದೆ, ಒಂದೇ ಉಸಿರಿನ ಹೆಸರು ಮಾಡಿ ಅಪ್ಪಾಜಿಯವರನ್ನು ಒಟ್ಟುಗೂಡಿಸಿದೆವು. ಆ ಜಾಗದಲ್ಲಿ ಕಂಪ್ಯೂಟರು ತಾನಾಗಿ ಹುಡುಕುವುದಿಲ್ಲವಲ್ಲ, ಅದಕ್ಕೆ 'ಇಲ್ಲೂ ನೋಡು' ಅಂತ ಇದ್ದಬದ್ದ ಲಾಗಿನ್‌ಗಳಿಗೆಲ್ಲ ಒಂದೊಂದಾಗಿ ಹೇಳಿಕೊಟ್ಟೆ.

ವಾರ್ಷಿಕೋತ್ಸವದ ದಿನ ಬಂತು. ಶಾಮಿಯಾನದ ಕೆಳಗೆ ಕಂಪ್ಯೂಟರು, ಪ್ರಿಂಟರು, ಎರಡಕ್ಕೂ ಕುಂಕುಮ, ಸೇವಂತಿಗೆ ಹಾರ. ಅತಿಥಿಗಳು ಬೆಂಗಳೂರಿನಿಂದ ಬಂದಿದ್ದ ದೊಡ್ಡ ಅಧಿಕಾರಿ. ಸಂಜೆ ರೈಲಿಗೆ ವಾಪಸ್ ಹೋಗಬೇಕಿತ್ತು. ಅವರು ವೇದಿಕೆ ಹತ್ತುವ ಸ್ವಲ್ಪ ಮುಂಚೆ ಸೆಕ್ರೆಟರಿ ನಮ್ಮ ಮೇಷ್ಟ್ರನ್ನು ಕೇಳಿದರು, "ಇದು ಯಾರ ಲಾಗಿನ್ನು?"

"ನಂದೇ ಸಾರ್."

"ಥೂ! ನೀವು ಉಂಡ ಎಲೆಯಾಗೆ ಅತಿಥಿಗಳಿಗೆ ಬಡಿಸ್ತೀರಾ? ಹೊಸದು ಹಾಕ್ರೀ!"

ನಾನು ಮೈಕಿನ ಹತ್ತಿರ ಪ್ರಾರ್ಥನೆಯ ಹುಡುಗಿಯರನ್ನು ಸಾಲು ನಿಲ್ಲಿಸುತ್ತಿದ್ದೆ, ನನಗೆ ಇದು ತಿಳಿಯಲಿಲ್ಲ. ಮೇಷ್ಟ್ರು ಅತಿಥಿಗಳಿಗೆ ಅಂತಲೇ ಶುದ್ಧವಾದ ಹೊಸ ಲಾಗಿನ್ ಮಾಡಿದರು. ಅದಕ್ಕೆ ಅಪ್ಪಾಜಿಯ ಪರಿಚಯ ಮಾಡಿಸುವುದು ಗಡಿಬಿಡಿಯಲ್ಲಿ ಮರೆತೇಹೋಯಿತು.

ಅತಿಥಿಗಳು ಕೂತು, ಚೀಟಿ ನೋಡಿಕೊಂಡು ಸಾಫ್ಟ್‌ವೇರಿನ ಹೆಸರು ಟೈಪ್ ಮಾಡಿ ಎಂಟರ್ ಒತ್ತಿದರು. ಬ್ಯಾಂಡ್‌ಸೆಟ್ಟಿನವರು ಬಾರಿಸಿಯೇಬಿಟ್ಟರು. ಪರದೆಯ ಮೇಲೆ 'ಕಮಾಂಡ್ ನಾಟ್ ಫೌಂಡ್'. ಅಪ್ಪಾಜಿಯ ಪೂರ್ತಿ ಹೆಸರು ಟೈಪ್ ಮಾಡಿದರೆ ಓಡುತ್ತದೆ ಅಂತ ಮೇಷ್ಟ್ರು ಬೆವರುತ್ತಾ ಒಂದೊಂದೇ ಅಕ್ಷರ ಹೇಳತೊಡಗಿದರು. ಅತಿಥಿಗಳು ಒಂದೊಂದೇ ಅಕ್ಷರ ಒತ್ತತೊಡಗಿದರು. ಊರು, ಹೆಸರು ಎಲ್ಲ ಮುಗಿದು 'ಕೊಬ್ಬರಿ'ಗೆ ಬರುವ ಹೊತ್ತಿಗೆ ಅತಿಥಿಗಳು ಗಡಿಯಾರ ನೋಡಿ ಎದ್ದರು.

"ಇನ್ನೂ ಎಷ್ಟಿದೆ?" ಅಂದರು.

"ಮುಗೀತು ಸಾರ್, 'ವರ್ತಕರ ಸ್ಮರಣಾರ್ಥ' ಅಷ್ಟೇ."

"ಅಷ್ಟರಲ್ಲಿ ರೈಲಿನವರು ನನ್ನ ಸ್ಮರಣಾರ್ಥ ಸೀಟ್ ಬಿಟ್ಟು ಹೋಗಿರ್ತಾರೆ," ಅಂತ ಅವರು ಹಾರವನ್ನೂ ತೆಗೆಯದೆ ಸ್ಟೇಷನ್ನಿಗೆ ಹೊರಟೇಬಿಟ್ಟರು.

ಅಪ್ಪಾಜಿಯ ಒಪ್ಪಿಗೆ

ಮಾರನೇ ಬೆಳಿಗ್ಗೆ ಲ್ಯಾಬಿಗೆ ಬಂದರೆ ಬಾಗಿಲಲ್ಲಿ ಕೊಬ್ಬರಿ ಮೂಟೆಗಳು, ಬೀಡಿ ಸೇದುತ್ತಾ ಕೂತಿದ್ದ ಹಮಾಲಿಗಳು. ಮೇಷ್ಟ್ರು ಕೇಬಲ್ ಸುತ್ತುತ್ತಿದ್ದರು. ನನಗೆ ಅಳು ತಡೆಯಲಾಗಲಿಲ್ಲ. ಕೆಲಸ ಹೋಗುತ್ತಲ್ಲ ಅನ್ನುವುದಕ್ಕಿಂತ, ಎಲ್ಲ ಸರಿಯಾಗಿ ಓಡುತ್ತಿದ್ದ ಸಾಫ್ಟ್‌ವೇರು ಇಟ್ಟ ಜಾಗದ ದೆಸೆಯಿಂದ ಮರ್ಯಾದೆ ಕಳೆದುಕೊಂಡಿತಲ್ಲ ಅಂತ ಹೊಟ್ಟೆ ಉರಿಯುತ್ತಿತ್ತು.

ಸೆಕ್ರೆಟರಿ ಬಂದರು. ನಮ್ಮ ಮುಖ ನೋಡಲಿಲ್ಲ.

"ಕಂಪ್ಯೂಟರ್ ಬೇರೆಯೋರ ಪಾಲಾಗ್ತವೆ. ಅದ್ರಾಗೆ ಅಪ್ಪಾಜಿ ಹೆಸರು ಇರೋದು ಬ್ಯಾಡ. ಅಳಿಸ್ಬೇಕು."

"ನಾನು ಅಳಿಸ್ತೀನಿ ಸಾರ್," ಅಂತ ಮೇಷ್ಟ್ರು ಮುಂದೆ ಬಂದರು.

"ಏ, ಮಗ ಇರೋವಾಗ ನೀವ್ಯಾಕ್ರೀ? ನಾನೇ ಮಾಡ್ಬೇಕು."

ಹೊರಗೆ ಹೋಗಿ ಚಪ್ಪಲಿ ಬಿಟ್ಟು, ನಲ್ಲಿಯಲ್ಲಿ ಕೈಕಾಲು ತೊಳೆದುಕೊಂಡು ಬಂದು ಕೂತರು. ಶಾಮಿಯಾನದಿಂದ ವಾಪಸ್ ತಂದಿದ್ದ ಕಂಪ್ಯೂಟರನ್ನು ಆನ್ ಮಾಡಿ, ಹಿಂದಿನ ದಿನ ಅತಿಥಿಗಳಿಗೆ ಮಾಡಿದ್ದ ಲಾಗಿನ್ನನ್ನೇ ತೆರೆದುಕೊಟ್ಟೆ. ನಾನು ಅಪ್ಪಾಜಿಯ ಫೋಲ್ಡರ್ ತೋರಿಸಿದೆ. ಅವರು ಕಣ್ಣು ಮುಚ್ಚಿ ಕೈ ಮುಗಿದು, ಡಿಲೀಟ್ ಒತ್ತಿದರು.

ಟಣ್ ಅಂತ ಶಬ್ದ ಬಂತು. ಒಂದು ಚಿಕ್ಕ ಚೌಕ ಎದ್ದು ನಿಂತಿತು.

"ಏನಂತೆ? ಓದಿ."

ಮೇಲೆ ಅಪ್ಪಾಜಿಯ ಪೂರ್ತಿ ಹೆಸರು, ಅದರ ಮುಂದೆ 'ಪರ್ಮಿಷನ್ ಡಿನೈಡ್'. ಓದಿದೆ.

"ಹಂಗಂದ್ರೆ ಒಪ್ಪಿಗೆ ಇಲ್ಲ ಅಂತ ಅಲ್ವಾ?"

"ಹೌದು ಸಾರ್."

ಅವರು ಮತ್ತೊಮ್ಮೆ ಒತ್ತಿದರು. ಮತ್ತೆ ಟಣ್, ಮತ್ತೆ ಅದೇ ಮಾತು. ಅದನ್ನು ಅಳಿಸಲು ಇಡೀ ಕಂಪ್ಯೂಟರಿನ ಯಜಮಾನಿಕೆಯ ಪಾಸ್‌ವರ್ಡ್ ಬೇಕು, ಅತಿಥಿಗಳ ಲಾಗಿನ್‌ನಲ್ಲಿ ಯಾರು ಎಷ್ಟು ಒತ್ತಿದರೂ ಬರುವುದು ಅದೇ. ಮೇಷ್ಟ್ರು ಪಾಪ ಸತ್ಯವಂತರು, "ಸಾರ್, ಅದು ಏನಂದ್ರೆ..." ಅಂತ ಬಾಯಿ ತೆರೆದರು. ನಾನು ಅವರ ಕಾಲನ್ನು ಗಟ್ಟಿಯಾಗಿ ತುಳಿದೆ.

ಸೆಕ್ರೆಟರಿಗೆ ನಾವು ಕಾಣಿಸುತ್ತಲೇ ಇರಲಿಲ್ಲ. ಮಾನಿಟರನ್ನೇ ನೋಡುತ್ತಿದ್ದರು.

"ಕಾಲೇಜಿಗೆ ಹೋಗ್ತೀನಿ ಅಂದೆ, ಒಪ್ಲಿಲ್ಲ. ಮೋಟ್ರು ಸೈಕಲ್ ತಗತೀನಿ ಅಂದೆ, ಒಪ್ಲಿಲ್ಲ. ಮಂಡಿ ಬಿಟ್ಟು ಬೇರೆ ಏನೋ ಮಾಡ್ತೀನಿ ಅಂದೆ, ಊಟ ಬಿಟ್ಟು ಎದ್ದೋದ್ರು. ಈಗ ರೂಮು ಖಾಲಿ ಮಾಡ್ತೀನಿ ಅಂದ್ರೂ ಒಪ್ತಾ ಇಲ್ಲ ನೋಡಿ!"

ಅವರು ಬಾಗಿಲಿನ ಕಡೆ ತಿರುಗಿ ಕೂಗಿದರು, "ಮೂಟೆ ವಾಪಸ್ ತಗಂಡೋಗ್ರೋ! ಅಪ್ಪಾಜಿ ಬ್ಯಾಡ ಅಂತಾವ್ರೆ!"

ನನಗೆ ಮೇಲಕ್ಕೆ ಹಾರಿ ಕೂಗಬೇಕು ಅನ್ನಿಸಿತು. ಮೇಷ್ಟ್ರು ಸುತ್ತಿದ್ದ ಕೇಬಲನ್ನು ಸದ್ದಿಲ್ಲದೆ ಬಿಚ್ಚತೊಡಗಿದರು. ಸೆಕ್ರೆಟರಿ ಮಾತ್ರ ಏಳಲಿಲ್ಲ. ಮಾನಿಟರಿನ ಹತ್ತಿರ ಬಗ್ಗಿ, ದೊಡ್ಡ ಗಂಟಲಿನ ಆ ಮನುಷ್ಯ ಮೆಲ್ಲಗೆ ಕೇಳಿದರು:

"ಹಂಗಾದ್ರೆ ಲ್ಯಾಬು ಇಲ್ಲೇ ಇರ್ಲಾ ಅಪ್ಪಾಜಿ? ಕೊಬ್ಬರಿಗೆ ಬ್ಯಾರೆ ಜಾಗ ನೋಡ್ಕತೀನಿ. ಏನಂತೀರಾ?"

ಆ ಚಿಕ್ಕ ಚೌಕ ಇನ್ನೂ ಪರದೆಯ ಮೇಲೆ ಹಾಗೇ ನಿಂತಿತ್ತು. ಅದರ ಕೆಳಗೆ ಒಂದೇ ಒಂದು ಗುಂಡಿ, ಗುಂಡಿಯ ಮೇಲೆ ಎರಡೇ ಇಂಗ್ಲಿಷ್ ಅಕ್ಷರ. ಸೆಕ್ರೆಟರಿಯ ಕಣ್ಣು ನಿಧಾನವಾಗಿ ಅದರ ಮೇಲೆ ಬಿತ್ತು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಆಮೇಲೆ ಎದ್ದು ನಿಂತು ಪಂಚೆಯ ತುದಿಯಿಂದ ಕಣ್ಣು ಒತ್ತಿಕೊಳ್ಳುತ್ತಾ ನಮ್ಮ ಕಡೆ ತಿರುಗಿದರು.

"ಓಕೆ ಅಂದ್ರು ಕಣ್ರೀ! ನನ್ ಜೀವಮಾನದಾಗೆ ಮೊದಲನೇ ಸಲ ನಮ್ಮಪ್ಪ ನನಗೆ ಓಕೆ ಅಂದ್ರು!"